ನಾಲ್ಕನೆಯ ವರ್ಷವೂ ಸಜ್ಜೆಯ ಹಿಟ್ಟೂ

ಮುಂಗಾರಿ ರಾಶಿ ಮುಗಿದ ಮೇಲೆ ಒಂದು ಸಂಜೆ ಹಿಟ್ಟಿನ ಗಿರಣಿಯ ಮುಂದೆ ನಮ್ಮೂರಿನ ಒಕ್ಕಲಿಗರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿ ಕೇಳಿದರು: “ಮಾಸ್ತರ್ರೀ, ಮಗಳ ಡಿಗ್ರಿ ಮೂರು ವರ್ಷಕ್ಕ ಮುಗಿತೈತಿ ಅಂತಾರ. ಆಕಿ ನೋಡಿದರ ನಾಕನೇ ವರ್ಷನೂ ಓದತೇನಿ ಅಂತಾಳ. ಅದೇನೋ ಆನರ್ಸ್ ಅಂತ, ಸಂಶೋಧನಾ ಅಂತ. ನಮ್ಮಂಥಾವರಿಗೆ ಅದ್ಯಾಕರೀ?” ನಾವು ಅವಸರದಲ್ಲಿದ್ದೆವು. “ಮೂರು ಸಾಕು ಬಿಡ್ರಿ” ಎಂದುಬಿಟ್ಟೆವು. ಮಾಸ್ತರರ ಮಾತಿಗೆ ಹಳ್ಳಿಯಲ್ಲಿ ಇನ್ನೂ ಬೆಲೆಯುಂಟು. ಆ ಬೆಲೆಯೇ ಈಗ ನಮ್ಮನ್ನು ಚುಚ್ಚುತ್ತಿದೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಈ ನಾಲ್ಕನೆಯ ವರ್ಷವೆಂದರೇನು ಎಂಬದನ್ನು ಹೇಳಿಬಿಡುವದು ಒಳ್ಳೆಯದು. ನಮ್ಮ ಈ ಮಹಾರಾಷ್ಟ್ರ ರಾಜ್ಯದಲ್ಲಿ ಹೊಸ ಪದ್ಧತಿಯು 2023ರಲ್ಲಿ ಸ್ವಾಯತ್ತ ಕಾಲೇಜುಗಳಿಗೂ 2024ರಲ್ಲಿ ಉಳಿದ ಕಾಲೇಜುಗಳಿಗೂ ಬಂದಿತು. ಮೂರು ವರ್ಷ ಮುಗಿಸಿದವರು ಪದವಿ ಪಡೆದು ಹೊರಗೆ ಬರಬಹುದು. ನಾಲ್ಕನೆಯದನ್ನೂ ಮುಗಿಸಿದರೆ ಆನರ್ಸ್ ಪದವಿ. ಮೊದಲಿನ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ 75 ಅಂಕ ಗಳಿಸಿದವರು ಆ ವರ್ಷ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಸ್ವಂತ ಸಂಶೋಧನೆಯೊಂದನ್ನು ಮಾಡಿ ಪ್ರಬಂಧ ಬರೆಯಬಹುದು. ಈ ಹುಡುಗಿ ಓದುತ್ತಿರುವದು ಆಹಾರ ವಿಜ್ಞಾನ. ಅಂಕಗಳ ಚಿಂತೆ ಆಕೆಗಿಲ್ಲ.

ಮರುವಾರ ಆಕೆಯೇ ನಮ್ಮ ಮನೆಗೆ ಬಂದಳು. ಜಗಳಕ್ಕಲ್ಲ, ಒಂದು ಪ್ರಶ್ನೆ ಹಿಡಿದುಕೊಂಡು. “ಸರ್, ಅವ್ವ ನನಗ ಖೋಲಿಗೆ ಜೋಳದ ಹಿಟ್ಟು, ಸಜ್ಜಿ ಹಿಟ್ಟು ಎರಡೂ ಕೊಟ್ಟು ಕಳಸ್ತಾಳ. ಜೋಳದ್ದು ತಿಂಗಳಾದರೂ ನಡೀತೈತಿ. ಸಜ್ಜೀದು ಎಂಟ-ಹತ್ತ ದಿನಕ್ಕ ಕಹಿ ಆಗತೈತಿ. ಅದನ್ನ ತಡೀಲಿಕ್ಕೆ ನಮ್ಮ ಮನಿಯೊಳಗ ಆಗೂವಂಥಾ ದಾರಿ ಹುಡಕಬೇಕಂತ ಮಾಡೀನಿ.” ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಮೊದಲು ಉರುಹಾಕಿಸಿದ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂಬದು. ಇಪ್ಪತ್ತು ವರ್ಷ ಅದನ್ನು ಪಾಠದ ಟಿಪ್ಪಣಿಯಲ್ಲಿ ಬರೆದವರು ನಾವು. ನಡೆಸಿ ತೋರಿಸಿದವಳು ಈ ಹುಡುಗಿ.

ಜತ್ತ ತಾಲೂಕಿನ ಒಕ್ಕಲಿಗರಿಗೆ ಸಜ್ಜೆಯ ಹಿಟ್ಟು ಉಳಿಯುವದಿಲ್ಲವೆಂಬದು ಹೊಸ ಮಾತಲ್ಲ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ವಾರಕ್ಕಾಗುವಷ್ಟನ್ನೇ ಬೀಸಿಸಿ ತರುವದು. ಕಾರಣ ಮಾತ್ರ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಸಜ್ಜೆಯಲ್ಲಿ ನೂರಕ್ಕೆ ಸುಮಾರು 5 ಪಾಲು ಎಣ್ಣೆಯ ಅಂಶವಿದೆ. ಜೋಳದಲ್ಲಿ ಅದು 2ರ ಆಸುಪಾಸು. ಸಜ್ಜೆಯ ಕಾಳು ಸಣ್ಣದಾದರೂ ಅದರ ಮೊಳಕೆಯ ಭಾಗ ಕಾಳಿನ ಅಳತೆಗೆ ದೊಡ್ಡದು, ಎಣ್ಣೆ ಹೆಚ್ಚಾಗಿ ಅಲ್ಲಿಯೇ ಇರುವದು. ಕಾಳು ಇಡಿಯಾಗಿರುವಾಗ ಆ ಎಣ್ಣೆಯೂ ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿದ್ದಂತೆ ಇರುತ್ತವೆ. ಗಿರಣಿಯ ಕಲ್ಲು ನಡುವಿನ ಗೋಡೆಯನ್ನೇ ಕೆಡವಿಬಿಡುತ್ತದೆ. ಎಣ್ಣೆ ಒಡೆದು ಅದರೊಳಗಿನ ಆಮ್ಲಗಳು ಬಿಡಿಯಾಗುತ್ತವೆ, ಗಾಳಿ ತಾಕಿ ಇನ್ನೂ ಕೆಡುತ್ತವೆ, ರೊಟ್ಟಿ ಕಹಿಯಾಗುತ್ತದೆ. ಕಾಳನ್ನು ಬೀಸುವ ಮೊದಲೇ ಕಾವು ಕೊಟ್ಟರೆ ಈ ಕಿಣ್ವದ ಶಕ್ತಿ ಉಡುಗುವದು. ಕುದಿಯಲಿಕ್ಕೆ ಬಂದ ನೀರಿನಲ್ಲಿ ಕಾಳನ್ನು ಕೆಲವು ಸೆಕೆಂಡು ಅದ್ದಿ ತೆಗೆದು ಒಣಗಿಸಿದರೆ ಹಿಟ್ಟು ಹೆಚ್ಚು ದಿನ ತಾಳುವದೆಂದು ಹಿಂದಿನ ಸಂಶೋಧಕರು ತೋರಿಸಿಯೇ ಇದ್ದಾರೆ.

ಹಾಗಾದರೆ ಈ ಹುಡುಗಿಗೆ ಉಳಿದುದೇನು? ಬಹಳ ಉಳಿದಿದೆ. ನಮ್ಮ ಬಿಸಿಲಿನಲ್ಲಿ ಒಣಗಿಸಿ, ನಮ್ಮ ಗಿರಣಿಯಲ್ಲಿ ಬೀಸಿಸಿ, ನಮ್ಮ ಡಬ್ಬಿಯಲ್ಲಿಟ್ಟ ಹಿಟ್ಟು ಎಷ್ಟು ದಿನ ಬಾಳುವದು? ಕಾವು ಕಂಡ ಹಿಟ್ಟಿಗೆ ಎಸರು ಹಾಕಿ ನಾದಿದರೆ ರೊಟ್ಟಿ ಬಡಿಯಲಿಕ್ಕೆ ಬರುವದೋ, ಅಂಚು ಬಿರಿಯುವದೋ? ಆಕೆ ಹಾಕಿಕೊಂಡ ಯೋಜನೆ ಹೀಗಿದೆ. ಒಂದೇ ಹೊಲದ, ಒಂದೇ ರಾಶಿಯ ಸಜ್ಜೆಯನ್ನು ಮೂರು ಪಾಲು ಮಾಡಿ ಒಂದನ್ನು ಹಾಗೆಯೇ, ಒಂದನ್ನು ಹುರಿದು, ಒಂದನ್ನು ಕುದಿನೀರಿನಲ್ಲಿ ಅದ್ದಿ ಒಣಗಿಸಿ ಬೀಸಿಸುವದು. ಪ್ರತಿಯೊಂದನ್ನೂ ಅರಿವೆಯ ಚೀಲದಲ್ಲಿ ಅರ್ಧ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅರ್ಧ ಇಡುವದು. ಮೊದಲ ದಿನ, ಆಮೇಲೆ 7, 14, 21, 28ನೆಯ ದಿನ ತೆಗೆದು ತೇವವನ್ನೂ ಬಿಡಿ ಆಮ್ಲವನ್ನೂ ಅಳೆಯುವದು, ಪ್ರತಿ ಅಳತೆಯನ್ನು ಮೂರು ಸಲ. ಇದಕ್ಕೆ ಲಕ್ಷಗಟ್ಟಲೆಯ ಯಂತ್ರ ಬೇಕೆಂದು ನಾವು ತಿಳಿದಿದ್ದೆವು; ಬೇಕಿಲ್ಲ. ತೇವಕ್ಕೆ ಒಲೆಪೆಟ್ಟಿಗೆ ಮತ್ತು ಸೂಕ್ಷ್ಮ ತಕ್ಕಡಿ ಸಾಕು. ಹಿಟ್ಟಿನಿಂದ ತೆಗೆದ ಎಣ್ಣೆಯನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಕ್ಷಾರದ ನೀರನ್ನು ಹನಿಹನಿಯಾಗಿ ಬಿಡುತ್ತ ಹೋದರೆ, ನಸುಗೆಂಪು ಬಣ್ಣ ತಿರುಗುವ ವರೆಗೆ ಎಷ್ಟು ಹಿಡಿಯಿತೆಂಬದರಿಂದ ಆಮ್ಲದ ಲೆಕ್ಕ ಸಿಗುವದು. ಹತ್ತನೆಯ ಇಯತ್ತೆ ಕಲಿತವರು ಲಿಟ್ಮಸ್ ಕಾಗದದ ಬಣ್ಣ ಬದಲಾದದ್ದನ್ನು ನೆನಪಿಸಿಕೊಳ್ಳಲಿ. ಇದು ಅದರ ಅಕ್ಕ.

ನಾಲಿಗೆಯ ಪರೀಕ್ಷೆ ಬೇರೆ ಇದೆ. ರೊಟ್ಟಿಗಳಿಗೆ ಬರಿಯ ಗುರುತಿನ ಸಂಖ್ಯೆ ಕೊಟ್ಟು, ಯಾವದು ಯಾವ ಹಿಟ್ಟಿನದೆಂದು ಹೇಳದೆ, ತಿಂದವರಿಂದ 1ರಿಂದ 9ರ ವರೆಗೆ ಅಂಕ ಹಾಕಿಸುವದು. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ನೀರು ಕುಡಿಸುವದು. ಇಲ್ಲಿ ನಮ್ಮ ಕನ್ನಡ ಉಪಯೋಗಕ್ಕೆ ಬಂತು. ಕಾಲೇಜಿನಿಂದ ಬಂದ ಪ್ರಶ್ನೆಗಳ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಿದರೆ ಆಕೆಯ ಆಯಿ ಸುಮ್ಮನೆ ತಲೆಯಾಡಿಸಿದಳಂತೆ. ಕನ್ನಡದಲ್ಲಿ ಕೇಳಿದಾಗ ಮುದುಕಿ ಹಳೆಯ ಎರಡು ಡಬ್ಬಿ ಮೂಸಿ ನೋಡಿ, “ಇದು ಮುಗ್ಗು, ಇದು ಕಮಟು, ಎರಡೂ ಒಂದಲ್ಲ” ಎಂದಳು. ಮುಗ್ಗು ಬರುವದು ತೇವ ಮತ್ತು ಬೂಷ್ಟಿನಿಂದ, ಕಮಟು ಬರುವದು ಎಣ್ಣೆ ಕೆಡುವದರಿಂದ. ಒಂದಕ್ಕೆ ಒಣಗಿಸುವದೇ ಮದ್ದು, ಇನ್ನೊಂದಕ್ಕೆ ಅಷ್ಟು ಸಾಲದು. ‘ವಾಸನೆ ಕೆಟ್ಟಿದೆಯೇ’ ಎಂದಷ್ಟೇ ಕೇಳುವ ಹಾಳೆಯಲ್ಲಿ ಈ ಭೇದ ಕಳೆದುಹೋಗುತ್ತಿತ್ತು. ಹುಡುಗಿ ಹಾಳೆಯನ್ನೇ ಹೊಸದಾಗಿ ಬರೆದಳು.

ಇದರಿಂದ ಒಕ್ಕಲಿಗನಿಗೇನು ಎಂದು ಕೇಳುವವರಿಗೆ ಉತ್ತರವಿದೆ. ನಾವು ಸಜ್ಜೆಯನ್ನು ಕಾಳಾಗಿಯೇ ಮಾರುತ್ತೇವೆ, ಕಾಳಿನ ಬೆಲೆಯನ್ನೇ ಪಡೆಯುತ್ತೇವೆ. ಊರಿನ ಬಚತ ಗಟದ ಹೆಣ್ಣುಮಕ್ಕಳು ಕಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಹಿಟ್ಟನ್ನು ಪೊಟ್ಟಣ ಕಟ್ಟಿ ಮಾರಲು ಅಂಜುತ್ತಾರೆ. ಪೊಟ್ಟಣದ ಮೇಲೆ ಯಾವ ದಿನದೊಳಗೆ ಉಪಯೋಗಿಸಬೇಕೆಂದು ಅಚ್ಚು ಹಾಕಲೇಬೇಕೆಂಬದು ಕಾನೂನು. ಆ ದಿನವನ್ನು ಯಾರು ಹೇಳಬೇಕು? ಅಂದಾಜಿನಿಂದ ಹಾಕಿದರೆ ಗಿರಾಕಿ ಒಮ್ಮೆ ಕಹಿ ಉಂಡು ಮತ್ತೆ ಬರುವದಿಲ್ಲ. ಅಳೆದು ಹೇಳುವವರು ಬೇಕು, ಅಳೆಯುವ ವಿದ್ಯೆಯನ್ನೇ ಈ ನಾಲ್ಕನೆಯ ವರ್ಷ ಕಲಿಸುವದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಎಲ್ಲೆಡೆ ಸಿರಿಧಾನ್ಯದ ಬಿಸ್ಕೀಟು, ಕೇಕು ಮಾಡಿ ಪ್ರದರ್ಶನಕ್ಕಿಡುವದು ಬಹಳವಾಯಿತು. ನಮಗೆ ಅವು ಬೇಡವೆಂದಲ್ಲ. ಆದರೆ ಬಿಸ್ಕೀಟಿನ ಮೇಲೆ ಹತ್ತು ಪ್ರಬಂಧಗಳಿಗಿಂತ ಹಿಟ್ಟಿನ ಮೇಲೆ ಒಂದು ಗಟ್ಟಿ ಪ್ರಬಂಧ ನಮ್ಮ ಹೊಲಗಳಿಗೆ ಹತ್ತಿರದ್ದು.

ತಂದೆಯ ಅಂಜಿಕೆ ಸುಳ್ಳೆಂದು ನಾವು ಹೇಳುವದಿಲ್ಲ. ಖೋಲಿಯ ಬಾಡಿಗೆ ಇನ್ನೊಂದು ವರ್ಷ ಹೊರಬೇಕು. ನೆಂಟರು ಬಂದು ಕೇಳುತ್ತಿದ್ದಾರೆ. ಎಲ್ಲ ಮಕ್ಕಳಿಗೂ ಈ ನಾಲ್ಕನೆಯ ವರ್ಷ ಬೇಕೆಂದೂ ಇಲ್ಲ. ತಕ್ಷಣ ಕೆಲಸ ಹಿಡಿಯಬೇಕಾದವರು ಮೂರಕ್ಕೇ ಬರುವದು ಸರಿ. ಆದರೆ ಒಂದು ಲೆಕ್ಕವನ್ನು ನಾವು ಆ ದಿನ ಅವರಿಗೆ ಹೇಳಲಿಲ್ಲ. ಮೂರು ವರ್ಷದ ಪದವಿಯ ಮೇಲೆ ಎಂ.ಎಸ್ಸಿ. ಎರಡು ವರ್ಷ. ನಾಲ್ಕು ವರ್ಷದ ಆನರ್ಸ್ ಮುಗಿಸಿದವರಿಗೆ ಒಂದು ವರ್ಷದ ಎಂ.ಎಸ್ಸಿ.ಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2024ರ ಚೌಕಟ್ಟಿನಲ್ಲಿ ಎಡೆಮಾಡಿದೆ. ಎರಡೂ ದಾರಿ ಐದೇ ವರ್ಷ. ಒಂದು ವರ್ಷದ ತರಗತಿ ಯಾವ ವಿಶ್ವವಿದ್ಯಾಲಯದಲ್ಲಿದೆಯೆಂದು ಮೊದಲೇ ವಿಚಾರಿಸಿಕೊಳ್ಳಬೇಕು, ಅಷ್ಟೇ.

ಈ ಲೆಕ್ಕವನ್ನು ಹಿಡಿದುಕೊಂಡು ಹೋದ ಆದಿತ್ಯವಾರ ಅವರ ಮನೆಗೆ ಹೋಗಿದ್ದೆವು. ಚಹಾ ಕೊಟ್ಟರು, ಎಲ್ಲವನ್ನೂ ಕೇಳಿಕೊಂಡರು, “ನೋಡೂಣ್ರಿ ಮಾಸ್ತರ” ಎಂದರು. ಹೂಂ ಎನ್ನಲಿಲ್ಲ. ಪ್ರಯೋಗಕ್ಕೆ ಬೇಕಾದ ಸಜ್ಜೆ ಒಂದೇ ರಾಶಿಯದಾಗಿರಬೇಕು, ಆಮೇಲೆ ಪೇಟೆಯಲ್ಲಿ ಕೊಂಡದ್ದು ನಡೆಯುವದಿಲ್ಲ. ಆದ್ದರಿಂದ ನಮ್ಮ ಹೊಲದ ಕಾಳಿನಲ್ಲಿ ಒಂದು ಚೀಲವನ್ನು ಮಾರದೆ, ಬಾಯಿ ಹೊಲಿದು, ರಾಶಿಯಾದ ತಾರೀಖು ಬರೆದು ಅಟ್ಟದ ಮೇಲೆ ಇಟ್ಟಿದ್ದೇವೆ.