ಇನ್ನೊಂಚೂರು ಎಣ್ಣೆ ಬಿಡೋದಪ್ಪ!

ಮೊನ್ನೆ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರೊಬ್ಬರ ಗೃಹಪ್ರವೇಶದ ಊಟ. ಪಕ್ಕದೆಲೆಯ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಬೆಂಗಳೂರಿನ ಜಿಟಿಆರ್‌ಇಯನ್ನು ಜಾಡಿಸತೊಡಗಿದರು. "1989ರಿಂದ ಕಾವೇರಿ ಎಂಜಿನ್ ಮಾಡ್ತಾನೇ ಇದಾರೆ. ಶಕ್ತಿ ಸಾಲಲ್ವಂತೆ. ಸಾಲದಿದ್ರೆ ಇನ್ನೊಂಚೂರು ಎಣ್ಣೆ ಬಿಡೋದಪ್ಪ! ಆಫ್ಟರ್‌ಬರ್ನರ್ ಅಂದ್ರೆ ಅಷ್ಟೇ ತಾನೆ?" ಪಂಕ್ತಿಯೆಲ್ಲ ನಕ್ಕಿತು. ನಾನು ಎಲೆ ನೋಡುತ್ತಾ ಸುಮ್ಮನಿದ್ದೆ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಈ ಬರಹ.

ನಾನು ವಿಮಾನದವನಲ್ಲ. ಅಂಬರನಾಥದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಬಾಯ್ಲರ್ ಮುಂದೆ ಕಳೆದವನು. ಅಲ್ಲಿ ಒಂದು ನಿಯಮ: ಉರಿ ಏರಿಸುವಾಗ ಮೊದಲು ಗಾಳಿ, ಆಮೇಲೆ ಎಣ್ಣೆ. ಇಳಿಸುವಾಗ ಮೊದಲು ಎಣ್ಣೆ, ಆಮೇಲೆ ಗಾಳಿ. ಜೆಟ್ ಎಂಜಿನ್ನಿಗೆ ಈ ಸುಖ ಇಲ್ಲ. ಗಾಳಿ ಹೆಚ್ಚಬೇಕಾದರೆ ಕಂಪ್ರೆಸರ್ ಜೋರಾಗಿ ತಿರುಗಬೇಕು. ಅದನ್ನು ತಿರುಗಿಸೋದು ಟರ್ಬೈನ್. ಟರ್ಬೈನಿಗೆ ಬಲ ಬರಬೇಕಾದರೆ ಮೊದಲು ಎಣ್ಣೆಯೇ ಹೆಚ್ಚಬೇಕು! ಒಂದು ಹನಿ ಜಾಸ್ತಿಯಾದರೆ ಟರ್ಬೈನಿನ ಅಲಗು ಸುಡುತ್ತದೆ, ಇಲ್ಲವೇ ಒತ್ತಡ ತಾಳದೆ ಕಂಪ್ರೆಸರಿನ ಗಾಳಿ ಢಬ್ಬೆಂದು ಹಿಂದಕ್ಕೆ ನುಗ್ಗುತ್ತದೆ. ಕಡಿಮೆಯಾದರೆ ಉರಿಯೇ ಆರುತ್ತದೆ. 1944ರಲ್ಲಿ ಜರ್ಮನರ ಮೆಸ್ಸರ್‌ಶ್ಮಿಟ್ 262 ಹಾರಿಸುತ್ತಿದ್ದವರು ಥ್ರಾಟಲನ್ನು ತುಪ್ಪದ ಮಿಳ್ಳೆ ಬಗ್ಗಿಸಿದಷ್ಟು ನಿಧಾನಕ್ಕೆ ಸರಿಸಬೇಕಿತ್ತು. ಅವಸರ ಮಾಡಿದವರ ಎಂಜಿನ್ ಬೆಂಕಿ ಹತ್ತುತ್ತಿತ್ತು, ಇಲ್ಲವೇ ಆರಿಹೋಗುತ್ತಿತ್ತು.

ಈಗಿನ ಥ್ರಾಟಲ್ ನಲ್ಲಿಯಲ್ಲ ಸ್ವಾಮಿ, ಅರ್ಜಿ. ಪೈಲಟ್ ಅರ್ಜಿ ಹಾಕುತ್ತಾನೆ. ಫ್ಯಾಡೆಕ್ ಅನ್ನುವ ಕಂಪ್ಯೂಟರ್ ಎಂಜಿನ್ನಿನ ವೇಗ, ಒಳಬರುವ ಗಾಳಿಯ ಉಷ್ಣತೆ, ಕಂಪ್ರೆಸರಿನ ಒತ್ತಡ ಎಲ್ಲ ನೋಡಿ, ಈ ಕ್ಷಣಕ್ಕೆ ಇಷ್ಟೇ ಎಂದು ಮಂಜೂರು ಮಾಡುತ್ತದೆ. ಪಂಪು ಬೇಕಾದ್ದಕ್ಕಿಂತ ಹೆಚ್ಚೇ ತಳ್ಳುತ್ತದೆ. ಅಳತೆಯ ವಾಲ್ವ್ ತನ್ನ ಎರಡು ಬದಿಯ ಒತ್ತಡದ ಅಂತರವನ್ನು ಒಂದೇ ಸಮ ಕಾಯ್ದುಕೊಂಡು, ತೆರೆದ ಕಿಂಡಿಯಷ್ಟೇ ಬಿಡುತ್ತದೆ. ಉಳಿದದ್ದು ಪಂಪಿಗೇ ವಾಪಸ್.

ಇನ್ನು ಆಫ್ಟರ್‌ಬರ್ನರ್. ಟರ್ಬೈನ್ ದಾಟಿದ ಗಾಳಿಯಲ್ಲಿ ಆಮ್ಲಜನಕ ಇನ್ನೂ ಸಾಕಷ್ಟು ಉಳಿದಿರುತ್ತದೆ, ಅಲ್ಲಿ ಮತ್ತೆ ಎಣ್ಣೆ ಸಿಂಪಡಿಸಿ ಉರಿಸೋದು. ತೇಜಸ್‌ನ ಎಫ್404 ಜಾತಿಯ ಎಂಜಿನ್ನಿನಲ್ಲಿ ಇದರಿಂದ ತಳ್ಳುಬಲ ಸುಮಾರು ಒಂದೂವರೆ ಪಟ್ಟಾಗುತ್ತದೆ, ಎಣ್ಣೆಯ ಖರ್ಚು ಮೂರು ಪಟ್ಟು ಮೀರುತ್ತದೆ. ತಮಾಷೆ ಇರೋದು ಆಮೇಲೆ. ಉರಿ ಹತ್ತಿದೊಡನೆ ಅನಿಲ ಹಿಗ್ಗುತ್ತದೆ, ಹಿಂದಿನ ನಾಜಲ್ ಅದೇ ಅಳತೆಗೆ ಅಗಲವಾಗಬೇಕು. ಎಣ್ಣೆ ಮುಂದಾಗಿ ನಾಜಲ್ ಹಿಂದಾಯಿತೋ, ಒತ್ತಡ ಮುಂದಕ್ಕೆ ಓಡಿ ಫ್ಯಾನನ್ನೇ ಕಂಗೆಡಿಸುತ್ತದೆ. ನಾಜಲ್ ತೆರೆದು ಉರಿ ಹತ್ತಲಿಲ್ಲವೋ, ಇದ್ದ ಬಲವೂ ಹೋಯಿತು. ಅದಕ್ಕೇ ಮೊದಲು ಸ್ವಲ್ಪ ಎಣ್ಣೆ, ಉರಿ ಹತ್ತಿತೇ ಎಂದು ಖಾತ್ರಿ, ಆಮೇಲೆ ಒಂದೊಂದೇ ಬಳೆಯಿಂದ ಸಿಂಪಡಿಕೆ, ಜೊತೆಜೊತೆಗೇ ನಾಜಲ್.

ಅಮೆರಿಕದವರಿಗೇ ಇದು ಮೊದಲ ಏಟಿಗೆ ಬರಲಿಲ್ಲ. 1970ರ ದಶಕದಲ್ಲಿ ಎಫ್-15ರ ಎಫ್100 ಎಂಜಿನ್ನಿನ ಆಫ್ಟರ್‌ಬರ್ನರ್ ಹೊತ್ತುವಾಗಿನ ಒದೆತ ಪಕ್ಕದ ಗಾಳಿದಾರಿಯಲ್ಲಿ ಮುಂದಕ್ಕೆ ಬಡಿದು ಎಂಜಿನ್ನನ್ನೇ ಉಸಿರುಗಟ್ಟಿಸುತ್ತಿತ್ತು. ಪೈಲಟ್ ಆಕಾಶದಲ್ಲೇ ಎಂಜಿನ್ ಆರಿಸಿ ಮತ್ತೆ ಹಚ್ಚಬೇಕಿತ್ತು. ಒಳಗಿನ ಗಾಳಿದಾರಿಯನ್ನು ತಿದ್ದಿ, 1980ರ ದಶಕದಲ್ಲಿ ಡಿಜಿಟಲ್ ನಿಯಂತ್ರಣ ತಂದ ಮೇಲೆಯೇ ಅವರು ನಿಟ್ಟುಸಿರು ಬಿಟ್ಟಿದ್ದು.

ಹಾಗಂತ ಕಾವೇರಿಗೆ ನಾನು ಆರತಿ ಎತ್ತುತ್ತಿಲ್ಲ. 81 ಕಿಲೋನ್ಯೂಟನ್ ಬೇಕಿತ್ತು, 70ರ ಆಸುಪಾಸಿಗೆ ನಿಂತಿತು. ತೂಕ ಹೆಚ್ಚಾಯಿತು. 383 ಕೋಟಿಯ ಅಂದಾಜು 2,839 ಕೋಟಿಗೆ ಏರಿತು. 2008ರಲ್ಲಿ ತೇಜಸ್‌ನಿಂದ ಅದನ್ನು ಬಿಡಿಸಿದರು. ಬೈಯಲೇಬೇಕು. ಆದರೆ ಕೊರತೆ ಎಣ್ಣೆಯದ್ದಲ್ಲ. ಇನ್ನಷ್ಟು ಎಣ್ಣೆಯ ಕಾವು ತಾಳುವ ಅಲಗಿನದ್ದು, ಎಷ್ಟೆತ್ತರದಲ್ಲಿ ಎಷ್ಟು ಎಣ್ಣೆ ಎಂಬ ಲೆಕ್ಕದ ಪಟ್ಟಿಯದ್ದು. ಆ ಪಟ್ಟಿಯನ್ನು ಎಂಜಿನ್ ಸುಟ್ಟು, ಮುರಿದು, ಮತ್ತೆ ಓಡಿಸಿಯೇ ಬರೆಯಬೇಕು. ಬೆಂಗಳೂರಿನ ನೆಲದ ಮೇಲೆ ನಿಂತು ಹದಿನೈದು ಕಿಲೋಮೀಟರ್ ಎತ್ತರದ ತೆಳುಗಾಳಿಯ ಲೆಕ್ಕ ಹಾಕೋದು ಹೇಗೆ? 2010ರಲ್ಲಿ ಕಾವೇರಿಯನ್ನು ರಷ್ಯಾಕ್ಕೆ ಹೊತ್ತೊಯ್ದು, ಅವರ ಪರೀಕ್ಷಾ ಕೇಂದ್ರದಲ್ಲಿ ಓಡಿಸಿ, ಅವರದೇ ಇಲ್ಯೂಶಿನ್-76 ವಿಮಾನಕ್ಕೆ ಕಟ್ಟಿ ಹಾರಿಸಿದರು. ಯೋಜನೆ ಶುರುವಾಗಿ ಇಪ್ಪತ್ತೊಂದು ವರ್ಷದ ಮೇಲೆ!

ಕೊಂಡುಕೊಂಡರಾಯ್ತು ಅನ್ನುವವರಿಗೆ ಒಂದು ಸುದ್ದಿ. 2021ರಲ್ಲಿ ಹೊಸ ತೇಜಸ್‌ಗಳಿಗಾಗಿ 99 ಎಫ್404 ಎಂಜಿನ್ನುಗಳಿಗೆ ಒಪ್ಪಂದವಾಯಿತು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ವಾಯುಪಡೆ ಬಾಗಿಲು ಕಾಯುತ್ತಿತ್ತು.

ಹೋಳಿಗೆಯ ಹಿರಿಯರೇ, ಮುಂದಿನ ಊಟದಲ್ಲಿ ಮತ್ತೆ ಸಿಗೋಣ. ಎಂಜಿನ್‌ಗಿಂತ ಮೊದಲು ಆ ಪರೀಕ್ಷಾ ಕೇಂದ್ರವನ್ನು ಇಲ್ಲೇ ಯಾಕೆ ಕಟ್ಟಲಿಲ್ಲ ಅಂತ ಬೈಯೋದಾದರೆ ಹೇಳಿ, ನಿಮ್ಮ ಪಕ್ಕದಲ್ಲೇ ಎಲೆ ಹಾಕಿಸಿಕೊಳ್ತೀನಿ.