ವಾದ್ಯದ ಆಲ್ಬಂಗೆ ಪ್ರಶಸ್ತಿ ಯಾಕಿಲ್ಲ?

‘ವಾದ್ಯಕ್ಕೆ ಯಾವ ಭಾಷೆ ಸ್ವಾಮಿ? ಕನ್ನಡ ಪತ್ರಿಕೆಗೆ ಅದರ ಉಸಾಬರಿ ಯಾಕೆ?’ ಎಂದು ಬೆಂಗಳೂರಿನ ಗೆಳೆಯರೊಬ್ಬರು ಕೇಳಿದರು. ಹೇಳುತ್ತೇನೆ, ಕೇಳಿ.

2024ರ ಫೆಬ್ರವರಿಯಲ್ಲಿ ಅಮೆರಿಕದ ಗ್ರ್ಯಾಮಿಯಲ್ಲಿ ‘ಆ್ಯಸ್ ವಿ ಸ್ಪೀಕ್’ ಸಮಕಾಲೀನ ವಾದ್ಯಸಂಗೀತದ ಅತ್ಯುತ್ತಮ ಆಲ್ಬಂ ಎನಿಸಿಕೊಂಡಿತು. ಅದರಲ್ಲಿ ಬೇಲಾ ಫ್ಲೆಕ್‌ರ ಬ್ಯಾಂಜೋ ಜೊತೆಗೆ ನಮ್ಮ ಜಾಕೀರ್ ಹುಸೇನರ ತಬಲಾ, ರಾಕೇಶ್ ಚೌರಾಸಿಯಾರ ಕೊಳಲು. ಕೆನಡಾದವರ ಜೂನೋ ಪ್ರಶಸ್ತಿಯಲ್ಲೂ ವಾದ್ಯದ ಆಲ್ಬಂಗೆಂದೇ ಒಂದು ವಿಭಾಗವಿದೆ. ನಮ್ಮಲ್ಲಿ? ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಕಲಾವಿದನಿಗೆ, ಆತನ ಧ್ವನಿಮುದ್ರಿಕೆಗಲ್ಲ. ಪಿಟೀಲು ಚೌಡಯ್ಯನವರ ಹೆಸರಿನಲ್ಲಿ ನಮ್ಮ ಸರ್ಕಾರ ಕೊಡುವ ರಾಷ್ಟ್ರೀಯ ಪ್ರಶಸ್ತಿಯೂ ಅಷ್ಟೆ. ನಮ್ಮದೇ ಜಿಲ್ಲೆಯ ತಿರುಮಕೂಡಲಿನವರು, ಪಿಟೀಲಿಗೆ ಏಳು ತಂತಿ ಬಿಗಿದವರು, 1967ರಲ್ಲಿ ತೀರಿಕೊಂಡರು. ಅವರ ನಾದ ಇವತ್ತಿಗೂ ನಮ್ಮ ಕಿವಿಗೆ ಬೀಳುತ್ತಿರುವುದು ಆಗಿನವರು ಧ್ವನಿಮುದ್ರಿಸಿದ್ದರಿಂದ, ಶಾಲು ಹೊದಿಸಿದ್ದರಿಂದಲ್ಲ!

ಈಗ ನಮ್ಮ ಸೀಮೆಗೆ ಬನ್ನಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಹಬ್ಬಕ್ಕೊಂದು, ಮದುವೆಗೊಂದು, ಸಾವಿಗೊಂದು ತಮಟೆಯ ಗತ್ತು. ಹೊಲದಲ್ಲಿರುವವನಿಗೂ ಊರಲ್ಲೇನಾಯಿತೆಂದು ತಿಳಿಯುತ್ತದೆ. ಇದು ಭಾಷೆಯಲ್ಲದೆ ಮತ್ತೇನ್ರೀ? ಚಿಕ್ಕಬಳ್ಳಾಪುರದ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಆದರೆ ಆ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು.

ನಾನು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಅಪ್ಪ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಜಾತ್ರೆಯ ಕರಪತ್ರದಲ್ಲಿ ವಾದ್ಯದವರ ಹೆಸರು, ಊರು ಇರುತ್ತಿತ್ತು. ಈಗ ಅದೇ ಜಾಗದಲ್ಲಿ ಡಿ.ಜೆ. ಸೌಂಡಿನವರ ಮೊಬೈಲ್ ನಂಬರು. ಕಳೆದ ವರ್ಷ ಪ್ರೆಸ್ಸಿಗೆ ಬಂದಿದ್ದ ವಯಸ್ಸಾದ ತಮಟೆಗಾರರೊಬ್ಬರು, ‘ನಾವ್ ಹೊಡೆಯೋದ್ನ ಯಾರಾದ್ರೂ ರೆಕಾರ್ಡ್ ಮಾಡಿ ಇಟ್ಟವ್ರೇನಪ್ಪಾ?’ ಎಂದರು. ಪ್ರೂಫ್ ನೋಡುವವನಂತೆ ತಲೆ ತಗ್ಗಿಸಿಕೊಂಡೆ.

ಆಲ್ಬಂಗೆ ಬಹುಮಾನವಿದ್ದರೆ ಯಾರೋ ಒಬ್ಬರು ಆಲ್ಬಂ ಮಾಡಲೇಬೇಕಾಗುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ವರ್ಷಕ್ಕೊಂದು ವಾದ್ಯ ಆಲ್ಬಂ ಪ್ರಶಸ್ತಿ ಶುರು ಮಾಡಲಿ. ವೀಣೆ, ನಾದಸ್ವರ, ನಗಾರಿ, ತಮಟೆ ಎಲ್ಲಕ್ಕೂ ಒಂದೇ ಪಂಕ್ತಿ. ನುಡಿಸಿದ ಪ್ರತಿಯೊಬ್ಬರ ಹೆಸರು, ಊರು ಕವರಿನ ಮೇಲೆ ಕನ್ನಡದಲ್ಲಿರಬೇಕು. ವಶೀಲಿ ಅಲ್ಲಿಗೂ ನುಗ್ಗುತ್ತದೆ, ಗೊತ್ತು. ನುಗ್ಗಿದರೂ ನಾದವಾದರೂ ಉಳಿದೀತು.

ನಗರದ ಹುಡುಗರೇ, ಇಲಾಖೆ ಏಳುವವರೆಗೆ ಕಾಯಬೇಡಿ. ರೆಕಾರ್ಡರ್ ನಿಮ್ಮ ಜೇಬಿನಲ್ಲೇ ಇದೆ. ಜಾತ್ರೆಗೆ ಊರಿಗೆ ಬಂದಾಗ ವಾದ್ಯದವರ ಒಪ್ಪಿಗೆ ಕೇಳಿ, ಸಂಭಾವನೆ ಕೊಟ್ಟು, ಹೆಸರು ಬರೆದುಕೊಂಡು ಧ್ವನಿಮುದ್ರಿಸಿ ತನ್ನಿ. ಕವರನ್ನು ಪುಕ್ಕಟೆ ಅಚ್ಚು ಹಾಕಿಕೊಡುವುದು ನನ್ನ ಪಾಲು.