ಎಳೆಬಿಸಿಲಿಗೆ ರಾತ್ರಿ ಪಾಳಿಯಿಲ್ಲ

ಕೂಸಿನ ಮೈ ಹಳದಿಯಾದರೆ 'ಎಳೆಬಿಸಿಲಿಗೆ ಹಿಡೀರಿ, ಹೋಗ್ತದೆ' ಎಂದು ಮನೆಗೆ ಕಳಿಸುವವರನ್ನು ಕೇಳಬೇಕು: ರಕ್ತದಲ್ಲಿ ಬಿಲಿರುಬಿನ್ ಎಷ್ಟಿದೆ ನೋಡಿದಿರಾ? ಬಹುಪಾಲು ಕಾಮಾಲೆ ತಾನಾಗಿಯೇ ಇಳಿಯುತ್ತದೆ, ನಿಜ. ಆದರೆ ಮಿತಿಮೀರಿ ಮಿದುಳು ಸೇರಿದರೆ ಕಿವುಡು, ಅಂಗವೈಕಲ್ಯ, ಸಾವು.

ಬಿಸಿಲಿನ ಗುಣವನ್ನು 1950ರ ದಶಕದಲ್ಲೇ ಇಂಗ್ಲೆಂಡಿನ ನರ್ಸ್ ಜೀನ್ ವಾರ್ಡ್ ಗುರುತಿಸಿದ್ದರು. ಅಲ್ಲಿನ ವೈದ್ಯರು ಬಿಸಿಲನ್ನೇ ನೆಚ್ಚಿ ಕೂರಲಿಲ್ಲ, ನೀಲಿ ದೀಪದ ಚಿಕಿತ್ಸೆ ರೂಪಿಸಿದರು. ಬಿಸಿಲಿಗೆ ಅಳತೆಯಿಲ್ಲ, ರಾತ್ರಿ ಪಾಳಿಯೂ ಇಲ್ಲ.

ಹಳದಿ ಸಾಮಾನ್ಯವಾಗಿ ಏರುವುದು 3ರಿಂದ 5ನೇ ದಿನಕ್ಕೆ. ಹೆರಿಗೆಯ ಮರುದಿನವೇ ಬಾಣಂತಿಯನ್ನು ಮನೆಗೆ ಅಟ್ಟಿದರೆ ನೋಡುವವರ್ಯಾರು? 48 ಗಂಟೆ ಇರಿಸಿಕೊಳ್ಳಿ. ಆಶಾ ಕಾರ್ಯಕರ್ತೆಯ 3ನೇ ದಿನದ ಭೇಟಿ ರಿಜಿಸ್ಟರಿನಲ್ಲಷ್ಟೇ ಆಗದಿರಲಿ. ತಾಲ್ಲೂಕು ಆಸ್ಪತ್ರೆಯ ಫೋಟೋಥೆರಪಿ ದೀಪ ಉರಿಯಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಉಚಿತ. ಅದು ಉಪಕಾರವಲ್ಲ, ಕೂಸಿನ ಹಕ್ಕು.